ಇಂದ್ರಿಯಗಳ ಕಾಲುವೆಗಳು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ ಹುಟ್ಟಿದ ರೈತನಿಗೆ ಒಂದು ಸತ್ಯವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಜಲಾಶಯದಲ್ಲಿ ನೀರಿದ್ದ ಮಾತ್ರಕ್ಕೆ ಹೊಲದಲ್ಲಿ ನೀರಿದ್ದಂತಾಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ ಸುಮಾರು ೨೨೭ ಕಿಲೋಮೀಟರು. ಅಣೆಕಟ್ಟಿನಿಂದ ಹೊರಟ ನೀರು ಮಾನ್ವಿ ಮತ್ತು ರಾಯಚೂರು ತಾಲೂಕುಗಳ ಕೊನೆಯ ಹೊಲಗಳನ್ನು ಮುಟ್ಟಬೇಕಾದರೆ ನಡುವೆ ಎಷ್ಟು ತೂಬುಗಳು, ಎಷ್ಟು ಉಪಕಾಲುವೆಗಳು, ಎಷ್ಟು ಅಡೆತಡೆಗಳು! ದೇವದುರ್ಗದ ಕಡೆಗೆ ನೀರು ತರುವ ನಾರಾಯಣಪುರ ಬಲದಂಡೆ ಕಾಲುವೆಯ ಕಥೆಯೂ ಇದೇ. ನದಿ ತುಂಬಿರಬಹುದು, ಭೂಮಿ ಫಲವತ್ತಾಗಿರಬಹುದು. ಆದರೆ ನಡುವೆ ಕಾಲುವೆ ಒಡೆದರೆ ಬೆಳೆ ಒಣಗುವುದು ನಿಶ್ಚಿತ.

ಮಾನವ ಶರೀರದ ಇಂದ್ರಿಯ ವ್ಯಾಪಾರವೂ ಇದಕ್ಕಿಂತ ಭಿನ್ನವಲ್ಲ. ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ಮೂಗು ಮೂಸುತ್ತದೆ ಎಂದು ಲೋಕರೂಢಿಯಲ್ಲಿ ಹೇಳುವುದುಂಟು. ವಾಸ್ತವವಾಗಿ ಇವು ಕೇವಲ ಹೆಬ್ಬಾಗಿಲುಗಳು. ಅಲ್ಲಿ ಪ್ರವೇಶಿಸಿದ ಸುದ್ದಿ ನರಗಳೆಂಬ ಕಾಲುವೆಗಳ ಮೂಲಕ ಸಾಗಿ ಮಿದುಳನ್ನು ಸೇರಿದಾಗಲೇ ನೋಟ ನೋಟವಾಗುತ್ತದೆ, ನಾದ ನಾದವಾಗುತ್ತದೆ. ಬಾಗಿಲು ಸುಸ್ಥಿತಿಯಲ್ಲಿದ್ದರೂ ಹಾದಿ ಕಡಿದುಹೋಗಿದ್ದರೆ ಒಳಗಿನ ಯಜಮಾನನಿಗೆ ಹೊರಗಿನ ಲೋಕವೇ ಇಲ್ಲ.

ಬೆನ್ನುಹುರಿಯ ಆಶ್ರಯವಿಲ್ಲದೆ ನೇರವಾಗಿ ತಲೆಬುರುಡೆಯೊಳಗಿನಿಂದಲೇ ಹೊರಡುವ ಹನ್ನೆರಡು ಜೋಡಿ ನರಗಳನ್ನು ಶರೀರಶಾಸ್ತ್ರಜ್ಞರು ಕಪಾಲ ನರಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಕೆಲವು ಆಜ್ಞೆಯನ್ನು ಹೊತ್ತೊಯ್ಯುವಂತಹವು. ಕಣ್ಣುಗುಡ್ಡೆಯನ್ನು ತಿರುಗಿಸುವುದು, ನಾಲಿಗೆಯನ್ನು ಹೊರಳಿಸುವುದು, ಕೊರಳನ್ನು ಹೊರಳಿಸುವುದು ಅವುಗಳ ಕೆಲಸ. ಮೊದಲನೆಯದಾದ ಘ್ರಾಣ ನರ, ಎರಡನೆಯದಾದ ದೃಷ್ಟಿ ನರ ಮತ್ತು ಎಂಟನೆಯದಾದ ಶ್ರವಣ ನರ ಮುಖ್ಯವಾಗಿ ಸುದ್ದಿಯನ್ನು ತರುವಂತಹವು. ಐದನೆಯದಾದ ತ್ರಿಶಾಖಾ ನರ, ಏಳನೆಯದಾದ ಮುಖ ನರ, ನಾಲಿಗೆಯ ಬುಡ ಹಾಗೂ ಗಂಟಲಿಗೆ ಸೇರಿದ ಒಂಬತ್ತನೆಯ ನರ ಮತ್ತು ಹತ್ತನೆಯದಾದ ವೇಗಸ್ ನರ — ಇವು ಎರಡೂ ಕೆಲಸಗಳನ್ನು ನಿರ್ವಹಿಸುತ್ತವೆ. ಪಠ್ಯಪುಸ್ತಕದ ಈ ಪಟ್ಟಿಯನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಾರೆ. ಆದರೆ ಬಾಳಿನಲ್ಲಿ ಅದು ಎಂತಹ ಸಂದರ್ಭದಲ್ಲಿ ಎದುರಾಗುವುದೆಂದು ಬಲ್ಲವರಾರು?

ಮಾನ್ವಿ ತಾಲೂಕಿನ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ನಡೆದ ಸಂಗತಿ ಇದಕ್ಕೊಂದು ನಿದರ್ಶನ. ಮೂರು ದಶಕಗಳಿಗೂ ಮಿಗಿಲಾಗಿ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದ ಅವರು ಪತ್ನಿಯ ನಿಧನಾನಂತರ ರಾಯಚೂರು ನಗರದಲ್ಲಿ ಮಗ ಸೊಸೆಯರೊಡನೆ ನೆಲೆಸಿದ್ದರು. ಒಂದು ಸಂಜೆ ಪರಿಚಿತರ ಮೋಟಾರು ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ಬರುತ್ತಿದ್ದಾಗ ಎಮ್ಮೆಯೊಂದು ಅಡ್ಡ ಬಂದು, ಅವರು ಹಿಂದಕ್ಕೆ ಬಿದ್ದರು. ತಲೆಗೆ ಹೆಲ್ಮೆಟ್ಟಿರಲಿಲ್ಲ. ಹಿಂದಲೆಗೆ ಪೆಟ್ಟು ಬಿದ್ದು ನಾಲ್ಕು ಹೊಲಿಗೆ ಹಾಕಬೇಕಾಯಿತು. ಗಾಯ ಮಾಯಿತು, ನಡಿಗೆ, ಮಾತು, ನೆನಪು ಎಲ್ಲವೂ ಮೊದಲಿನಂತೆಯೇ ಇದ್ದವು. ದೊಡ್ಡ ಗಂಡಾಂತರದಿಂದ ಪಾರಾದೆವೆಂದು ಮನೆಯವರು ಸಮಾಧಾನಪಟ್ಟರು.

ಕೆಲವೇ ವಾರಗಳಲ್ಲಿ ಊಟದ ವಿಷಯದಲ್ಲಿ ಅಸಮಾಧಾನ ತಲೆದೋರಿತು. ಹಿಂದೆ ಎರಡು ಜೋಳದ ರೊಟ್ಟಿಯನ್ನು ಪುಂಡಿಪಲ್ಯದೊಡನೆ ಸಂತೋಷದಿಂದ ಉಣ್ಣುತ್ತಿದ್ದವರು ಅರ್ಧ ರೊಟ್ಟಿಗೇ ಕೈ ತೊಳೆಯತೊಡಗಿದರು. ಸೊಸೆ ದೇವದುರ್ಗದ ಹೆಣ್ಣುಮಗಳು, ಅಡಿಗೆಯಲ್ಲಿ ನುರಿತವಳು. ಮಾವನವರಿಗೆ ರುಚಿಸಲೆಂದು ಒಂದು ದಿನ ಬೆಳ್ಳುಳ್ಳಿಯನ್ನು, ಮತ್ತೊಂದು ದಿನ ಮಸಾಲೆಯನ್ನು ಹೆಚ್ಚಿಸಿದಳು. ಅವರು ಒಂದು ತುತ್ತು ತಿಂದು, "ಬರೇ ಖಾರ ಹತ್ತತದವ್ವಾ, ಮತ್ತೇನೂ ಹತ್ತವಲ್ದು" ಎಂದು ತಟ್ಟೆಯನ್ನು ಸರಿಸಿದರು. ಹೀಗೆ ದಿನವೂ ನಡೆದರೆ ಯಾವ ಗೃಹಿಣಿಗೆ ನೋವಾಗದು? ತನ್ನ ಕೈಯಡಿಗೆ ಮಾವನವರಿಗೆ ಸೇರುತ್ತಿಲ್ಲವೆಂದು ಆಕೆ ಮೌನವಾಗಿ ಕಣ್ಣೀರಿಟ್ಟಳು. ಸುದ್ದಿ ದೇವದುರ್ಗಕ್ಕೆ ಮುಟ್ಟಿತು. ಆಕೆಯ ತಂದೆ ಒಂದು ಭಾನುವಾರ ಬಂದು, ಚಹಾ ಕುಡಿದಾದ ಬಳಿಕ ಮೆಲ್ಲನೆ ಕೇಳಿದರು:

"ನಮ್ಮ ಹುಡುಗಿ ಅಡಿಗಿ ನಿಮಗ ಸೇರವಲ್ದಂತಲ್ಲ, ಬೀಗರ?"

ಮಾಸ್ತರರು ತಲೆ ತಗ್ಗಿಸಿ ಉತ್ತರಿಸಿದರು: "ಅಡಿಗಿದು ತಪ್ಪಿಲ್ಲ ಬೀಗರ. ನನ್ನ ನಾಲಿಗಿ ಸತ್ತದ."

ನಾಲಿಗೆ ಸತ್ತಿರಲಿಲ್ಲ. ಮಗ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದನು. ವೈದ್ಯರು ಮಾಸ್ತರರ ಕಣ್ಣು ಮುಚ್ಚಿಸಿ, ಒಂದೊಂದೇ ಮೂಗಿನ ಹೊಳ್ಳೆಯ ಬಳಿ ಕಾಫಿಪುಡಿಯನ್ನೂ ಇಂಗನ್ನೂ ಹಿಡಿದರು. ಮಾಸ್ತರರಿಗೆ ಎರಡೂ ಒಂದೇ. ಅಂದರೆ ಏನೂ ಇಲ್ಲ. ನಾಲಿಗೆಯ ಮೇಲೆ ಸಕ್ಕರೆ, ಉಪ್ಪುಗಳನ್ನಿಟ್ಟಾಗ ತಪ್ಪಿಲ್ಲದೆ ಗುರುತಿಸಿದರು. ಕೊನೆಗೆ ಅಮೋನಿಯದ ಸೀಸೆಯನ್ನು ಹಿಡಿದೊಡನೆ ತಲೆಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು, ಕಣ್ಣಲ್ಲಿ ನೀರಾಡಿತು. ವೈದ್ಯರು, "ನಿಮ್ಮ ನಾಲಿಗಿ ನೆಟ್ಟಗದ ಮಾಸ್ತರ. ಮೂಗಿನ ಹಾದಿ ಹರಿದದ" ಎಂದರು.

ಈ ಒಂದು ಪರೀಕ್ಷೆಯಲ್ಲಿ ಹಲವು ನರಗಳ ಕಥೆ ಅಡಗಿದೆ. ಮೂಗಿನ ಮೇಲ್ಭಾಗದಲ್ಲಿ ಅಂಚೆಚೀಟಿಯಷ್ಟು ಅಗಲದ ತೆಳುಪೊರೆಯೊಂದಿದೆ. ಅಲ್ಲಿರುವ ಲಕ್ಷಾಂತರ ಕೋಶಗಳೇ ವಾಸನೆಯನ್ನು ಹಿಡಿಯುವಂತಹವು. ಅವುಗಳ ಎಳೆಗಳು ಜರಡಿಯಂತೆ ತೂತುಗಳುಳ್ಳ ಒಂದು ತೆಳ್ಳನೆಯ ಎಲುಬಿನ ಮೂಲಕ ತೂರಿ ಮಿದುಳಿನ ಅಡಿಯನ್ನು ಸೇರುತ್ತವೆ. ತಲೆಗೆ, ಅದರಲ್ಲಿಯೂ ಹಿಂದಲೆಗೆ ಪೆಟ್ಟು ಬಿದ್ದಾಗ ಮಿದುಳು ಬುರುಡೆಯೊಳಗೆ ಮುಂದಕ್ಕೂ ಹಿಂದಕ್ಕೂ ಜರುಗುತ್ತದೆ. ಎಲುಬು ಮಾತ್ರ ನಿಂತಲ್ಲಿಯೇ ನಿಲ್ಲುತ್ತದೆ. ಆಗ ಜರಡಿಯ ಕಂಡಿಗಳಲ್ಲಿ ಆ ನವಿರಾದ ಎಳೆಗಳು ಹರಿದುಹೋಗುತ್ತವೆ. ಮೂಗಿಗೆ ಗಾಯವಾಗಿರುವುದಿಲ್ಲ, ಮಿದುಳಿಗೂ ಧಕ್ಕೆಯಾಗದಿರಬಹುದು. ನಡುವಣ ಕಾಲುವೆ ಮಾತ್ರ ಒಡೆದಿರುತ್ತದೆ.

ಹಾಗಾದರೆ ಊಟದ ರುಚಿಯೇಕೆ ಹೋಯಿತು? ಜನ ರುಚಿಯೆಂದು ಕರೆಯುವುದರ ಬಹುಪಾಲು ವಾಸನೆಯೇ ಆಗಿದೆ. ನಾಲಿಗೆ ಬಲ್ಲದ್ದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಬೇಯಿಸಿದ ಕಾಳು, ಅಣಬೆ ಮುಂತಾದವುಗಳ ಸಾರದ ಒಂದು ರುಚಿ — ಇಷ್ಟನ್ನೇ. ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದ ಸುದ್ದಿಯನ್ನು ಏಳನೆಯ ನರದ ಒಂದು ಕವಲು ಒಯ್ಯುತ್ತದೆ. ಹಿಂಭಾಗದ್ದನ್ನು ಒಂಬತ್ತನೆಯ ನರ, ಗಂಟಲಿನದನ್ನು ಹತ್ತನೆಯ ನರ ಒಯ್ಯುತ್ತವೆ. ಮೂರೂ ಮಿದುಳಿನ ಕಾಂಡದಲ್ಲಿ ಒಂದೆಡೆ ಸೇರಿ, ಥಲಾಮಸ್ ಎಂಬ ಹಂಚಿಕೆಯ ಕಟ್ಟೆಯನ್ನು ಹಾಯ್ದು ಮೇಲಕ್ಕೆ ಹೋಗುತ್ತವೆ. ಆದರೆ ಪುಂಡಿಪಲ್ಯವನ್ನು ಪುಂಡಿಪಲ್ಯವನ್ನಾಗಿ, ಗುರೆಳ್ಳಿನ ಚಟ್ನಿಯನ್ನು ಗುರೆಳ್ಳಿನ ಚಟ್ನಿಯನ್ನಾಗಿ ಮಾಡುವುದು ಅಗಿಯುವಾಗ ಬಾಯಿಯ ಹಿಂಬದಿಯಿಂದ ಮೂಗಿಗೇರುವ ಕಂಪು. ಅದು ತಪ್ಪಿದರೆ ಪುಂಡಿಪಲ್ಯ ಬರಿಯ ಹುಳಿ. ಹೋಳಿಗೆ ಬರಿಯ ಸಿಹಿ. ನೆಗಡಿಯಾದಾಗ ಪ್ರತಿಯೊಬ್ಬರಿಗೂ ಇದರ ಅಲ್ಪ ಅನುಭವವಾಗುತ್ತದೆ. ೨೦೨೦ ಮತ್ತು ೨೦೨೧ರ ಕೊರೋನಾ ಕಾಲದಲ್ಲಿ ಅಸಂಖ್ಯ ಜನರಿಗೆ ಇದು ಒಮ್ಮೆಲೇ ಅರಿವಾಯಿತು. ಆ ವೈರಾಣು ಬಹುಮಟ್ಟಿಗೆ ವಾಸನೆಯ ನರಕೋಶಗಳನ್ನಲ್ಲ, ಅವುಗಳನ್ನು ಪೋಷಿಸುವ ನೆರೆಯ ಕೋಶಗಳನ್ನು ಹೊಕ್ಕಿತೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಅಮೋನಿಯಕ್ಕೆ ತಲೆ ಹಿಂದೆಗೆದದ್ದೂ ಖಾರ ಹತ್ತಿದ್ದೂ ಐದನೆಯದಾದ ತ್ರಿಶಾಖಾ ನರದ ಮಹಿಮೆ. ಹಣೆ ಮತ್ತು ಕಣ್ಣು, ಮೇಲ್ದವಡೆ, ಕೆಳದವಡೆ ಎಂಬ ಮೂರು ಶಾಖೆಗಳಲ್ಲಿ ಹರಡಿರುವ ಈ ನರ ಮುಖದ ಸ್ಪರ್ಶ, ನೋವು, ಶಾಖಗಳನ್ನು ತಿಳಿಸುತ್ತದೆ. ಮೆಣಸಿನಕಾಯಿಯ ಖಾರ ನಿಜವಾಗಿ ರುಚಿಯಲ್ಲ, ಅದು ಸುಡುವಿಕೆ. ಸುಮಾರು ೪೩ ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ತೆರೆದುಕೊಳ್ಳುವ ನರತುದಿಯ ಬಾಗಿಲೊಂದನ್ನು ಮೆಣಸಿನಕಾಯಿಯ ಸತ್ವವೂ ತೆರೆಯುತ್ತದೆಂಬುದನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ೧೯೯೭ರಲ್ಲಿ ತೋರಿಸಿಕೊಟ್ಟರು. ೨೦೨೧ರಲ್ಲಿ ಅವರಿಗೆ ಆರ್ಡೆಮ್ ಪಟಪೌಟಿಯನ್ನರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ರಾಯಚೂರಿನ ಬೇಸಿಗೆಯ ಬಿಸಿಲೂ ಬಾಯೊಳಗಿನ ಮೆಣಸಿನಕಾಯಿಯೂ ಬೆವರಿಳಿಸುವುದು ಆಕಸ್ಮಿಕವಲ್ಲ. ಈ ಭೇದವನ್ನು ಕನ್ನಡದ ತಾಯಂದಿರು ವಿಜ್ಞಾನಕ್ಕಿಂತ ಮೊದಲೇ ಅರಿತಿದ್ದರೋ ಎನ್ನುವಂತೆ ಭಾಷೆಯಲ್ಲಿಯೇ ಅದು ನೆಲೆಸಿದೆ. ಮಲ್ಲಿಗೆಗೆ ಕಂಪು, ಹಳಸಿದ್ದಕ್ಕೆ ನಾತ, ಹಳೆಯ ಎಣ್ಣೆಗೆ ಕಮಟು. ಆದರೆ ಒಣಮೆಣಸಿನಕಾಯಿ ಹುರಿದಾಗ ಏಳುವುದು ವಾಸನೆಯಲ್ಲ, ಘಾಟು. ವಾಸನೆ ಮೊದಲನೆಯ ನರದ್ದು, ಘಾಟು ಐದನೆಯದರದ್ದು.

ಮಾಸ್ತರರ ಪಾಲಿಗೆ ಉಳಿದದ್ದು ಘಾಟು ಮಾತ್ರ. ಅದರ ಅಪಾಯವೂ ಬೇಗನೆ ಗೋಚರಿಸಿತು. ಅಡಿಗೆಯ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಗಂಧಕಾಂಶವುಳ್ಳ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಒಂದು ಮಧ್ಯಾಹ್ನ ಹಾಲು ಉಕ್ಕಿ ಒಲೆ ಆರಿದ್ದರೂ ಅನಿಲ ಸೋರುತ್ತಲೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ಮಾಸ್ತರರಿಗೆ ಏನೂ ತಿಳಿಯಲಿಲ್ಲ. ಶಾಲೆಯಿಂದ ಬಂದ ಮೊಮ್ಮಗಳು ಬಾಗಿಲಲ್ಲೇ ನಿಂತು, "ಅಜ್ಜಾ, ಗ್ಯಾಸ್ ವಾಸನಿ!" ಎಂದು ಕೂಗಿದಳು. ಅಂದು ಅವಘಡ ತಪ್ಪಿದ್ದು ಆ ಹತ್ತು ವರ್ಷದ ಹುಡುಗಿಯ ಘ್ರಾಣ ನರದಿಂದ.

ಇದಕ್ಕಿಂತಲೂ ಆಳವಾದ ನಷ್ಟವೊಂದಿತ್ತು. ಉಳಿದ ಇಂದ್ರಿಯಗಳ ಸುದ್ದಿಯೆಲ್ಲ ಥಲಾಮಸ್ಸನ್ನು ಹಾಯ್ದೇ ಮಿದುಳಿನ ತೊಗಟೆಯನ್ನು ಸೇರಬೇಕು. ವಾಸನೆಯೊಂದು ಮಾತ್ರ ಆ ಕಟ್ಟೆಗಾಗಿ ಕಾಯದೆ ನೇರವಾಗಿ ಭಾವನೆ ಮತ್ತು ನೆನಪುಗಳ ನೆಲೆಗಳಿಗೆ ಹತ್ತಿರದ ಹಾದಿಯಲ್ಲಿ ತಲುಪುತ್ತದೆ. ಆದುದರಿಂದಲೇ ಮೊದಲ ಮಳೆಗೆ ಎರೆಭೂಮಿಯಿಂದ ಏಳುವ ಕಂಪು ಒಮ್ಮೆಲೇ ಬಾಲ್ಯವನ್ನು ಕಣ್ಣೆದುರು ನಿಲ್ಲಿಸುತ್ತದೆ. ಮಾಸ್ತರರು ದಿವಂಗತ ಪತ್ನಿಯ ಇಳಕಲ್ ಸೀರೆಗಳ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ತೆರೆದು ಬಿಸಿಲಿಗೆ ಹಾಕುತ್ತಿದ್ದರು. ಆ ವರ್ಷ ತೆರೆದಾಗ ಬಣ್ಣ ಕಂಡಿತು, ರೇಷ್ಮೆಯ ಸೆರಗು ಕೈಗೆ ತಾಗಿತು, ಮತ್ತೇನೂ ಬರಲಿಲ್ಲ. ಪೆಟ್ಟಿಗೆಯನ್ನು ಮುಚ್ಚಿಟ್ಟು ಅಂದು ಸಂಜೆಯವರೆಗೆ ಅವರು ಯಾರೊಡನೆಯೂ ಮಾತನಾಡಲಿಲ್ಲ.

ವಾಸನೆಯ ಹಾದಿ ಹೀಗಾದರೆ ನಾದದ ಹಾದಿ ಇನ್ನೂ ಸೂಕ್ಷ್ಮ. ಒಳಗಿವಿಯ ಶಂಖದಾಕಾರದ ಸುರುಳಿಯಲ್ಲಿ ಸಾಲುಗಟ್ಟಿರುವ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಜ್ಞೆಯಾಗಿ ಮಾರ್ಪಡಿಸುತ್ತವೆ. ಸುಮಾರು ೩೦ ಸಾವಿರ ಎಳೆಗಳ ಶ್ರವಣ ನರ ಅದನ್ನು ಒಯ್ಯುತ್ತದೆ. ಮಗು ಮಾತು ಕಲಿಯುವುದು ಈ ಹಾದಿಯಿಂದಲೇ. ಹುಟ್ಟಿನಿಂದ ಕಿವಿ ಕೇಳದ ಶಿಶುವನ್ನು "ದೊಡ್ಡದಾದ ಮ್ಯಾಲ ಮಾತು ಬರ್ತಾವ" ಎಂದು ಕಾಯುತ್ತ ಕುಳಿತರೆ, ಮಿದುಳಿನಲ್ಲಿ ಭಾಷೆಗೆಂದು ಮೀಸಲಾದ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಮೊದಲ ತಿಂಗಳಲ್ಲಿ ಪರೀಕ್ಷೆ, ಮೂರನೆಯ ತಿಂಗಳೊಳಗೆ ನಿರ್ಣಯ, ಆರನೆಯ ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರ ನಿಯಮ. ೧೯೬೦ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ತಿಳಿವಳಿಕೆಯನ್ನು ಹರಡುತ್ತ ಬಂದಿದೆ. ರೋಮಕೋಶಗಳು ಕೆಟ್ಟಿದ್ದರೂ ನರ ಜೀವಂತವಿದ್ದರೆ, ಶಂಖದೊಳಗೆ ಸೂಕ್ಷ್ಮ ತಂತಿಯನ್ನಿಟ್ಟು ನರವನ್ನೇ ಪ್ರಚೋದಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಉಪಾಯವೂ ಇಂದು ಲಭ್ಯವಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯಿಂದ ವಂಶಗತ ಕಿವುಡುತನದ ಸಂಭವ ಹೆಚ್ಚುತ್ತದೆಂಬ ಮಾತನ್ನೂ ಹಿರಿಯರು ಮನಸ್ಸಿಗೆ ತಂದುಕೊಳ್ಳಬೇಕು.

ಏಳನೆಯ ನರದ ರುಚಿಯ ಕವಲು ಕಿವಿಯ ತಮಟೆಯ ಹಿಂದೆಯೇ, ನಡುಗಿವಿಯನ್ನು ಹಾಯ್ದು ಹೋಗುತ್ತದೆಂಬುದು ಕುತೂಹಲದ ಸಂಗತಿ. ಕಿವಿ ಸೋರುವ ರೋಗವನ್ನು ಅಲಕ್ಷಿಸಿದವನ ನಾಲಿಗೆಯ ರುಚಿಯೂ ಕೆಡಬಹುದೆಂದರೆ, ಒಂದು ಕಾಲುವೆಯ ದಂಡೆಯ ಮೇಲೆ ಇನ್ನೊಂದು ಕಾಲುವೆ ಹರಿಯುತ್ತಿದೆಯೆಂದೇ ಅರ್ಥ.

ದೃಷ್ಟಿ ನರದಲ್ಲಿ ಸುಮಾರು ೧೦ ಲಕ್ಷ ಎಳೆಗಳಿವೆ. ಎರಡೂ ಕಣ್ಣುಗಳ ನರಗಳು ಮಿದುಳಿನ ಅಡಿಯಲ್ಲಿ ಸಂಧಿಸಿ, ಮೂಗಿನ ಕಡೆಯ ಅರ್ಧದಷ್ಟು ಎಳೆಗಳು ಅತ್ತಿಂದಿತ್ತ ದಾಟುತ್ತವೆ. ಹೀಗೆ ಬಲಗಡೆಯ ನೋಟವೆಲ್ಲ ಎಡಮಿದುಳಿಗೆ, ಎಡಗಡೆಯ ನೋಟವೆಲ್ಲ ಬಲಮಿದುಳಿಗೆ ಸೇರುತ್ತದೆ. ಈ ನರ ಒಮ್ಮೆ ನಾಶವಾದರೆ ಮತ್ತೆ ಚಿಗುರದು. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಮಡಿದರು. ಇಂತಹ ಮದ್ಯದಲ್ಲಿ ಸೇರುವ ಮೆಥನಾಲ್ ಮೊದಲು ಕೆಡಿಸುವುದರಲ್ಲಿ ದೃಷ್ಟಿ ನರವೂ ಒಂದು. ಕಣ್ಣಿನ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯ ಕಾವಲು ಮಾತ್ರ ತ್ರಿಶಾಖಾ ನರದ ಪಾಲಿನದು. ಭತ್ತದ ರಾಶಿಯಲ್ಲಿ ಸುಂಕು ಕಣ್ಣಿಗೆ ಬಿದ್ದಾಗ ಉಂಟಾಗುವ ಅಸಹ್ಯ ನೋವು ಶತ್ರುವಲ್ಲ. ಅದು ಎಚ್ಚರಿಸುವ ಮಿತ್ರ. ಮಾನ್ವಿಯ ಕಡೆಯ ಕೂಲಿಕಾರರು ಆ ನೋವನ್ನು ಮನೆಮದ್ದಿನಿಂದ ತಳ್ಳಿಹಾಕದೆ ಕೂಡಲೇ ನೇತ್ರವೈದ್ಯರನ್ನು ಕಂಡರೆ ಕಣ್ಣು ಉಳಿಯುತ್ತದೆ. ಕುಷ್ಠರೋಗದಲ್ಲಿ ಈ ನರಕ್ಕೆ ಧಕ್ಕೆಯಾದಾಗ ಕಣ್ಣಿಗೆ ಧೂಳು ಬಿದ್ದುದೂ ತಿಳಿಯದೆ ಹುಣ್ಣಾಗಿ ದೃಷ್ಟಿ ಹೋಗುವುದುಂಟು. ರೋಗಕ್ಕೆ ಉಚಿತ ಔಷಧಿಯಿದೆ; ಮುಖದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡಾಗ ಅದನ್ನು ಮುಚ್ಚಿಡುವುದೇ ನಿಜವಾದ ಕೇಡು.

ಒಂದು ಕಾಲುವೆ ಬತ್ತಿದರೆ ಆ ಭೂಮಿ ಬಂಜರಾಗಿಯೇ ಉಳಿಯಬೇಕೆಂದಿಲ್ಲ. ಹುಟ್ಟುಗುರುಡರಾದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದು ಸಂಗೀತಸಾಮ್ರಾಟರಾದರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಹಸ್ರಾರು ಅಂಧ ಮಕ್ಕಳಿಗೆ ನಾದದ ದಾರಿ ತೋರಿದರು. ಎಳವೆಯಲ್ಲಿ ಕಣ್ಣು ಕಳೆದುಕೊಂಡವರ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗ ಸುಮ್ಮನಿರದೆ ಸ್ಪರ್ಶ ಮತ್ತು ನಾದಗಳ ಕೆಲಸಕ್ಕೆ ತೊಡಗುತ್ತದೆಂದು ಇತ್ತೀಚಿನ ದಶಕಗಳ ಸಂಶೋಧನೆಗಳು ತಿಳಿಸುತ್ತವೆ. ಆದರೆ ಅದು ತಾನಾಗಿ ಫಲಿಸದು. ಗುರುವೂ ಬೇಕು, ಬಿಡುವಿಲ್ಲದ ಸಾಧನೆಯೂ ಬೇಕು.

ಘ್ರಾಣದ ಕೋಶಗಳಿಗೆ ಮತ್ತೊಂದು ಭಾಗ್ಯವಿದೆ. ನರಕೋಶಗಳಲ್ಲಿ ವಿರಳವೆಂಬಂತೆ ಇವು ಜೀವನವಿಡೀ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ೨೦೦೯ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ಗುಲಾಬಿ, ನೀಲಗಿರಿ, ನಿಂಬೆ, ಲವಂಗ — ಈ ನಾಲ್ಕು ಪರಿಮಳಗಳನ್ನು ದಿನಕ್ಕೆರಡು ಬಾರಿ, ಹನ್ನೆರಡು ವಾರಗಳ ಕಾಲ ಗಮನವಿಟ್ಟು ಮೂಸಿದವರಲ್ಲಿ ಕೆಲವರಿಗೆ ವಾಸನೆ ಸುಧಾರಿಸಿದುದನ್ನು ಪ್ರಕಟಿಸಿದರು. ವೈದ್ಯರು ಮಾಸ್ತರರಿಗೆ ಇದನ್ನೇ ವಿಧಿಸಿದರು. ಫಲ ಬಂದೀತೆಂಬ ಭರವಸೆಯನ್ನು ಮಾತ್ರ ಕೊಡಲಿಲ್ಲ. ಮಾಸ್ತರರು ಮುಂಜಾನೆ ಸಂಜೆ ನಾಲ್ಕು ಭರಣಿಗಳನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಯಂತೆ ಕುಳಿತರು. ಸೊಸೆಯೇ ಭರಣಿಗಳನ್ನು ತುಂಬಿಡುತ್ತಿದ್ದಳು. ಐದು ತಿಂಗಳು ಏನೂ ಇಲ್ಲ. ಆರನೆಯ ತಿಂಗಳಲ್ಲಿ ಲವಂಗದ ಎಳೆಯೊಂದು ತೋರಿತು. ಕಾಫಿ ಬಂದಿತಾದರೂ ಸುಟ್ಟ ಬಟ್ಟೆಯಂತೆ ಬಂದಿತು. ಹೊಸ ಎಳೆಗಳು ಹಳೆಯ ನೆಲೆಯನ್ನು ಸರಿಯಾಗಿ ಸೇರದಿದ್ದಾಗ ಹೀಗಾಗುವುದುಂಟಂತೆ. ಪೆಟ್ಟಿಗೆಯ ಸೀರೆಗಳು ಇಂದಿಗೂ ಮೌನವಾಗಿಯೇ ಇವೆ.

ಆದರೆ ಮನೆ ಬದಲಾಯಿತು. ಅಡಿಗೆಮನೆಯಲ್ಲಿ ಅನಿಲ ಸೋರಿದರೆ ಕೂಗುವ ಯಂತ್ರ ಬಂದಿತು. ಹಾಲು, ಪಲ್ಯಗಳ ಪಾತ್ರೆಗಳ ಮೇಲೆ ದಿನಾಂಕದ ಚೀಟಿ ಅಂಟಿತು. ಸೊಸೆ ಮಸಾಲೆ ಹೆಚ್ಚಿಸುವುದನ್ನು ಬಿಟ್ಟು, ತ್ರಿಶಾಖಾ ನರ ಬಲ್ಲ ಸುಖಗಳನ್ನು ಬಡಿಸತೊಡಗಿದಳು: ಕಟಕಟನೆ ಮುರಿಯುವ ಖಡಕ್ ರೊಟ್ಟಿ, ಹುರಿದ ಶೇಂಗಾ, ಹಸಿ ಸೌತೆಕಾಯಿ, ಬಿಸಿ ಅನ್ನದ ಮೇಲೆ ತಣ್ಣನೆಯ ಮೊಸರು. ಮಾವನವರು ಈಗ ಒಂದೂವರೆ ರೊಟ್ಟಿ ಉಣ್ಣುತ್ತಾರೆ. ದೇವದುರ್ಗದ ಬೀಗರು ಬಂದಾಗ ಅಡಿಗೆಯ ಮಾತೇ ಏಳುವುದಿಲ್ಲ.

ಇಂದ್ರಿಯಗಳನ್ನು ಗೆಲ್ಲಬೇಕೆಂದು ಹಿರಿಯರು ಬೋಧಿಸುತ್ತ ಬಂದಿದ್ದಾರೆ. ಗೆಲ್ಲುವ ಮೊದಲು ಅವುಗಳನ್ನು ಅರಿಯುವುದು, ಕಾಪಾಡುವುದು ವಿವೇಕ. ತಲೆಗೆ ಹೆಲ್ಮೆಟ್ ಧರಿಸುವುದು, ಸದ್ದಿಗೆ ತಿರುಗದ ಕೂಸನ್ನು ಪರೀಕ್ಷೆಗೆ ಒಯ್ಯುವುದು, ಕೆಂಪಾದ ಕಣ್ಣನ್ನು ಅಲಕ್ಷಿಸದಿರುವುದು — ಇವು ಸಣ್ಣ ಕೆಲಸಗಳಾದರೂ ಇವುಗಳಿಂದ ಉಳಿಯುವುದು ಒಂದು ಇಡೀ ಲೋಕ. ವಿದ್ಯಾರ್ಥಿಗಳು ಮತ್ತೊಂದನ್ನೂ ನೆನಪಿಡಬೇಕು. ಮನೆಯಲ್ಲಿ ಒಬ್ಬರು ಉಣ್ಣದಿದ್ದರೆ, ಓಗೊಡದಿದ್ದರೆ, ಎಡವಿದರೆ, ಅದನ್ನು ಹಟವೆಂದೋ ತಾತ್ಸಾರವೆಂದೋ ಬಗೆಯುವುದು ಸುಲಭ. ಒಣಗಿದ ಹೊಲವನ್ನು ಕಂಡು ಒಕ್ಕಲಿಗನನ್ನು ಹಳಿಯುವ ಮುನ್ನ ಕಾಲುವೆಯ ಗುಂಟ ಒಮ್ಮೆ ನಡೆದು ನೋಡುವುದು ಲೇಸು.